ಭೋಗೋಪಭೋಗ ಪರಿಮಾಣವೂ ಇಂದಿನ ಪೇಟೆಯೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಶ್ರೀ ವೀತರಾಗಾಯ ನಮಃ

   

ಜಿನಬಿಂಬದ ಪಂಚಕಲ್ಯಾಣ ಪ್ರತಿಷ್ಠೆಯೆಂಬುದು ಶ್ರಾವಕನ ಜೀವಿತದಲ್ಲಿ ಪದೇ ಪದೇ ದೊರೆಯುವ ಭಾಗ್ಯವಲ್ಲ. ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷವೆಂಬ ಐದು ಕಲ್ಯಾಣಗಳಲ್ಲಿ ನೆರೆದವರ ಕಣ್ಣನ್ನು ತೇವಗೊಳಿಸುವುದು ದೀಕ್ಷಾಕಲ್ಯಾಣ. ನೀಲಾಂಜನೆಯು ನರ್ತಿಸುತ್ತಿದ್ದಂತೆಯೇ ಆಕೆಯ ಆಯುಷ್ಯ ಮುಗಿದುದನ್ನು ಕಂಡು ಆದಿಪ್ರಭುವು ವೈರಾಗ್ಯ ತಾಳಿ, ಕಿರೀಟ ಕುಂಡಲಗಳನ್ನೂ ವಸ್ತ್ರಾಭರಣಗಳನ್ನೂ ತೊರೆದು ವನಕ್ಕೆ ನಡೆಯುವ ಪ್ರಸಂಗವದು. ಆ ಘಳಿಗೆಯಲ್ಲಿ ಮಂಟಪದಲ್ಲಿ ಕುಳಿತ ಪ್ರತಿಯೊಬ್ಬ ಗೃಹಸ್ಥನ ಮನಸ್ಸಿನಲ್ಲಿಯೂ, ಇಷ್ಟೆಲ್ಲವನ್ನು ಕೂಡಿಟ್ಟುದು ಏತಕ್ಕಾಗಿ ಎಂಬ ಪ್ರಶ್ನೆಯೊಂದು ಸುಳಿದು ಹೋಗುತ್ತದೆ. ಉತ್ಸವ ಮುಗಿದು, ಚಪ್ಪರ ಬಿಚ್ಚಿ, ಜನರೆಲ್ಲ ತಮ್ಮ ತಮ್ಮ ಊರಿಗೆ ಮರಳಿದ ಮೇಲೆ ಆ ಪ್ರಶ್ನೆ ಎಲ್ಲಿರುತ್ತದೆ? ಅಪರಿಗ್ರಹವು ಮಂಟಪದಲ್ಲಿಯೇ ಉಳಿಯುವುದೋ, ಅಥವಾ ಶ್ರಾವಕನೊಡನೆ ಪೇಟೆಯವರೆಗೆ ಬರುವುದೋ? ಇಂದಿನ ವಿಚಾರ ಇಷ್ಟೇ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಜೈನಧರ್ಮವು ವ್ಯಾಪಾರವನ್ನು ಹಳಿದ ಧರ್ಮವಲ್ಲ. ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ಕಂಗಾಲಾದಾಗ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಉಪದೇಶಿಸಿದವನು ಆದಿನಾಥನೇ. ದೀಕ್ಷೆಯನ್ನು ಕೈಗೊಂಡ ಪ್ರಭುವೇ ಅದಕ್ಕೆ ಮೊದಲು ವಾಣಿಜ್ಯವನ್ನೂ ಕಲಿಸಿದನೆಂಬುದನ್ನು ಮರೆಯಲಾಗದು. ಆದುದರಿಂದ ಅಂಗಡಿಯಿಡುವುದು ಪಾಪವಲ್ಲ, ಕೊಳ್ಳುವುದು ಪಾಪವಲ್ಲ, ನ್ಯಾಯವಾದ ಲಾಭವೂ ಪಾಪವಲ್ಲ. ಆದರೆ ಆಚಾರ್ಯರು ಮಾರುವವನಿಗೆ ವಿಧಿಸಿದಂತೆಯೇ ಕೊಳ್ಳುವವನಿಗೂ ಮಿತಿಗಳನ್ನು ವಿಧಿಸಿದ್ದಾರೆ. ಮಾರುವವನ ಮಿತಿಗಳ ಮಾತು ಆಗಾಗ ಕೇಳಿಬರುತ್ತದೆ. ಕೊಳ್ಳುವವನ ಮಿತಿಗಳ ಮಾತು ಕೇಳಿಬರುವುದು ಅಪರೂಪ.

ಹಿಂದಿನ ತಲೆಮಾರಿನ ಶ್ರಾವಕನ ಮನೆಯನ್ನು ನೆನಪಿಗೆ ತಂದುಕೊಳ್ಳಬೇಕು. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿಯೇ ಬಳಸುತ್ತಿದ್ದರು. ಅಲ್ಲಿಗೇ ಮುಗಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳಿಗೆ ಬಾಧೆಯಾಗದಂತೆ ಅದನ್ನು ಅದೇ ನೀರಿನಿಂದ ತೊಳೆದು, ಎಲ್ಲಿಂದ ನೀರು ತಂದರೋ ಅದೇ ಬಾವಿಗೆ ಮರಳಿ ಬಿಡುತ್ತಿದ್ದರು. ಸೋಸುವುದು ಕುಡಿಯುವವನ ಆರೋಗ್ಯಕ್ಕೆ ಒಳಿತು ಎಂದು ಇಂದಿನವರು ಹೇಳಬಹುದು. ಆದರೆ ಮರಳಿ ಬಿಡುವ ಕ್ರಮದಲ್ಲಿ ಕುಡಿಯುವವನಿಗೆ ಯಾವ ಲಾಭವೂ ಇಲ್ಲ. ಅದು ನೀರಿನ ಮೂಲದಲ್ಲಿರುವ ಜೀವಗಳ ಬಗೆಗಿನ ಹೊಣೆ. ವಸ್ತುವು ಕೈಗೆ ಬಂದ ಮೇಲೆ ಶುದ್ಧವಾಗಿದ್ದರೆ ಸಾಲದು. ಅದು ಬಂದ ದಾರಿಯಲ್ಲಿ ಯಾವ ಜೀವಕ್ಕೂ ನೋವಾಗಬಾರದು ಎಂಬುದೇ ಅದರ ತಾತ್ಪರ್ಯ.

ಆ ದಿನಗಳಲ್ಲಿ ಇದು ನೀರಿಗಷ್ಟೇ ಸೀಮಿತವಾಗಿರಲಿಲ್ಲ. ಅಕ್ಕಿ ಯಾವ ಊರಿನ ಗದ್ದೆಯದು, ಎಣ್ಣೆ ಯಾರ ಗಾಣದ್ದು, ಸೀರೆ ಯಾರ ಮಗ್ಗದ್ದು ಎಂಬುದು ಕೊಳ್ಳುವವನಿಗೆ ಬಹುಮಟ್ಟಿಗೆ ತಿಳಿದಿರುತ್ತಿತ್ತು. ತೂಕದಲ್ಲಿ ಮೋಸವಾದರೆ ಮರುದಿನ ಕೇಳಬಹುದಿತ್ತು. ಗಾಣಿಗನ ಎತ್ತು ಸೊರಗಿದ್ದರೆ ಅದು ಕಣ್ಣಿಗೆ ಬೀಳುತ್ತಿತ್ತು. ಇಂದು ಸರಕು ಬಣ್ಣದ ಪೊಟ್ಟಣದಲ್ಲಿ ಬರುತ್ತದೆ. ತಯಾರಿಸಿದವನು ಒಂದು ರಾಜ್ಯದಲ್ಲಿ, ಕಂಪನಿಯ ಒಡೆತನ ಇನ್ನೊಂದು ದೇಶದಲ್ಲಿ, ಕೊಳ್ಳುವವನು ಮೊಬೈಲಿನ ಮುಂದೆ. ಇವರಲ್ಲಿ ಯಾರ ಮುಖವೂ ಯಾರಿಗೂ ಕಾಣದು. ಮುಖ ಕಾಣದಿದ್ದಲ್ಲಿ ಕರುಣೆಗೆ ಆಸ್ಪದ ಕಡಿಮೆ.

ಪೊಟ್ಟಣ ಕೈಗೆ ಬಂದೊಡನೆ ಜೈನ ಗೃಹಿಣಿಯು ನೋಡುವುದು ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು. ಭಾರತದಲ್ಲಿ 2001ರಲ್ಲಿ ಈ ಗುರುತಿನ ನಿಯಮ ಬಂದುದು ಸಸ್ಯಾಹಾರಿಗಳಿಗೆಲ್ಲ ಮಹದುಪಕಾರವಾಯಿತು. ಚುಕ್ಕೆಯನ್ನು ನೋಡಿದ ಮೇಲೆ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಕಂದಮೂಲಗಳಿವೆಯೇ ಎಂದು ಕನ್ನಡಕ ಹಾಕಿಕೊಂಡು ಓದುವ ಹಿರಿಯರೂ ಇದ್ದಾರೆ. ಇದು ಪ್ರಶಂಸನೀಯವಾದ ಎಚ್ಚರ. ಆದರೆ ಆ ಚುಕ್ಕೆ ಹೇಳುವುದು ಪೊಟ್ಟಣದ ಒಳಗಿನ ಸಂಗತಿಯನ್ನು ಮಾತ್ರ. ಅದನ್ನು ತಯಾರಿಸಿದ ಕಾರ್ಖಾನೆಯ ಕೊಳಚೆ ಯಾವ ಹೊಳೆಯ ಮೀನುಗಳನ್ನು ಕೊಂದಿತು, ಅಲ್ಲಿ ದುಡಿದವನಿಗೆ ಹೊಟ್ಟೆ ತುಂಬ ಕೂಲಿ ಸಿಕ್ಕಿತೇ, ಬರಿದಾದ ಪೊಟ್ಟಣವನ್ನು ತಿಪ್ಪೆಯಲ್ಲಿ ನುಂಗಿದ ಹಸುವಿನ ಗತಿ ಏನಾಯಿತು ಎಂಬುದನ್ನು ಅದು ಹೇಳದು. ಅದನ್ನು ಕೇಳುವ ಹೊಣೆ ಕೊಳ್ಳುವವನದು.

ಈ ಹೊಣೆಗೆ ಶಾಸ್ತ್ರಾಧಾರವಿದೆಯೇ ಎಂದು ಕೇಳಿದರೆ, ಧಾರಾಳವಾಗಿ ಇದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಕರ್ಮಾಸ್ರವದ ವಿಚಾರ ಹೇಳುವಾಗ ಕೃತ, ಕಾರಿತ, ಅನುಮತ ಎಂಬ ಮೂರನ್ನು ಗಣಿಸಿದ್ದಾರೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದಕ್ಕೆ ಸಮ್ಮತಿಸಿದ್ದು. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಾಕ್ಕಾಯಗಳೆಂಬ ಮೂರರಿಂದಲೂ, ಕೃತಾದಿ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ 108 ಭೇದಗಳಾಗುತ್ತವೆ. ಇವುಗಳಲ್ಲಿ ತಾನೇ ಕೈಯಾರೆ ಮಾಡಿದವು 36 ಮಾತ್ರ. ಉಳಿದ 72 ಮಾಡಿಸಿದವು ಹಾಗೂ ಸಮ್ಮತಿಸಿದವು. ಹಣ ಕೊಟ್ಟು ಕೊಳ್ಳುವುದೆಂದರೆ, ಅಂಥದೇ ಇನ್ನೊಂದನ್ನು ತಯಾರಿಸೆಂದು ತಯಾರಕನಿಗೆ ಕೊಡುವ ಅಪ್ಪಣೆ. ಆ ಅಪ್ಪಣೆಯನ್ನು ಬಾಯಿಂದ ಆಡಲಿಲ್ಲ, ಕಿಸೆಯಿಂದ ಆಡಿದೆವು ಎಂದ ಮಾತ್ರಕ್ಕೆ ಕರ್ಮಬಂಧ ತಪ್ಪೀತೇ?

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನೂ ಇಲ್ಲಿ ನೆನೆಯಬೇಕು. ಅವುಗಳಲ್ಲಿ ಒಂದು ತದಾಹೃತಾದಾನ, ಅಂದರೆ ಕದ್ದು ತಂದ ವಸ್ತುವನ್ನು ಕೊಳ್ಳುವುದು. ಕದ್ದವನು ಬೇರೆ, ಕೊಂಡವನು ಬೇರೆ. ಆದರೂ ಕೊಂಡವನ ವ್ರತಕ್ಕೆ ದೋಷ ತಟ್ಟಿತು. ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವನು ಅದು ಅಗ್ಗವಾದುದು ಹೇಗೆಂದು ವಿಚಾರಿಸಬೇಕೆಂಬುದೇ ಆಚಾರ್ಯರ ಅಭಿಪ್ರಾಯ. ದುಡಿದವನ ಕೂಲಿಯಲ್ಲಿ ಕದ್ದು, ಊರಿನ ನೀರನ್ನು ಕದ್ದು, ಬರಲಿರುವ ಪೀಳಿಗೆಯ ಕಾಡನ್ನು ಕದ್ದು ಅಗ್ಗಗೊಳಿಸಿದ ಸರಕಿಗೂ ಇದೇ ನ್ಯಾಯ ಅನ್ವಯಿಸದೆ ಇರಲಾರದು.

ಜೈನರಲ್ಲದವರೂ ಈ ಸತ್ಯವನ್ನು ಕಂಡುಕೊಂಡ ಪ್ರಸಂಗಗಳಿವೆ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಮನೆಮನೆಯ ಚಹಾಕ್ಕೆ ಬೀಳುತ್ತಿದ್ದ ಸಕ್ಕರೆ ವೆಸ್ಟ್ ಇಂಡೀಸಿನ ತೋಟಗಳಿಂದ ಬರುತ್ತಿತ್ತು. ಅಲ್ಲಿ ಕಬ್ಬು ಬೆಳೆಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂಬ ಗೊತ್ತುವಳಿಯನ್ನು 1791ರಲ್ಲಿ ಅಲ್ಲಿಯ ಪಾರ್ಲಿಮೆಂಟು ತಳ್ಳಿಹಾಕಿತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತ ಒಂದು ಕಿರುಹೊತ್ತಿಗೆಯನ್ನು ಪ್ರಕಟಿಸಿ, ಈ ಸಕ್ಕರೆಯನ್ನು ಕೊಳ್ಳುವವರೆಲ್ಲರೂ ಆ ಪಾಪದಲ್ಲಿ ಪಾಲುದಾರರೆಂದು ವಾದಿಸಿದನು. ಸುಮಾರು 3 ಲಕ್ಷ ಜನ ಸಕ್ಕರೆಯನ್ನು ತ್ಯಜಿಸಿದರೆಂದು ಆ ಚಳವಳಿಯ ನಾಯಕ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದನು. ಮತದಾನದ ಹಕ್ಕೇ ಇಲ್ಲದಿದ್ದ ಹೆಂಗಸರು ತಮ್ಮ ಅಡುಗೆಮನೆಯಿಂದಲೇ ಇದರಲ್ಲಿ ಭಾಗವಹಿಸಿದರು. ತತ್‌ಕ್ಷಣಕ್ಕೆ ಕಾನೂನು ಬದಲಾಗಲಿಲ್ಲ. ಗುಲಾಮರ ವ್ಯಾಪಾರಕ್ಕೆ ನಿಷೇಧ ಬಂದುದು 1807ರಲ್ಲಿ; ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದುಪಡಿಸುವ ಶಾಸನವಾದುದು 1833ರಲ್ಲಿ. ಸಕ್ಕರೆ ಬಿಟ್ಟದ್ದರಿಂದಲೇ ಇದೆಲ್ಲ ಆಯಿತೆಂದು ಹೇಳಲಾಗದು. ಆದರೆ ದೂರದ ದ್ವೀಪದ ಹಿಂಸೆ ತನ್ನ ಬಟ್ಟಲಿನಲ್ಲಿ ಕರಗಿದೆಯೆಂದು ಒಂದು ನಾಡಿನ ಸಾಮಾನ್ಯ ಜನರು ಅರಿತುಕೊಂಡುದು ಸಣ್ಣ ಸಂಗತಿಯಲ್ಲ. ಇಷ್ಟವಾದ ರಸವೊಂದನ್ನು ನಿಯಮಪೂರ್ವಕ ಬಿಡುವುದಕ್ಕೆ ಜೈನರಲ್ಲಿ ರಸಪರಿತ್ಯಾಗವೆಂದು ಹೆಸರು. ಅವರು ಹೆಸರನ್ನು ಅರಿಯದೆಯೇ ಅದನ್ನು ಆಚರಿಸಿದರು.

ಅದು ಗುಲಾಮರ ಕಾಲ, ಈಗ ಅಂಥದಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದುಬಿತ್ತು. ಅದರಲ್ಲಿ ಸಿದ್ಧ ಉಡುಪಿನ ಐದು ಕಾರ್ಖಾನೆಗಳಿದ್ದವು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಕೆಳಗಿನ ಅಂತಸ್ತಿನ ಅಂಗಡಿಗಳೂ ಬ್ಯಾಂಕೂ ಬಾಗಿಲು ಮುಚ್ಚಿದವು. ಹೊಲಿಗೆಯವರನ್ನು ಮಾತ್ರ ಮರುದಿನ ಬೆಳಿಗ್ಗೆ ಕೆಲಸಕ್ಕೆ ಕರೆಯಲಾಯಿತು. ಪಾಶ್ಚಾತ್ಯ ಕಂಪನಿಗಳ ಬೇಡಿಕೆಯನ್ನು ಹೇಳಿದ ದಿನಕ್ಕೆ ಪೂರೈಸಬೇಕಾಗಿತ್ತು. ಸತ್ತವರು 1,134 ಜನ, ಬಹುಪಾಲು ಹೆಣ್ಣುಮಕ್ಕಳು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಎರಡಿವೆ. ಹೊರಲಾರದಷ್ಟು ಹೊರೆ ಹೇರುವುದು ಮತ್ತು ಹೊಟ್ಟೆಗೆ ಕೊಡದಿರುವುದು. ಎತ್ತಿನ ಮೇಲೆ ಅಧಿಕ ಮೂಟೆ ಹೇರಲು ಅಂಜುವ ಶ್ರಾವಕನು ಮನುಷ್ಯನ ಮೇಲೆ ಹೇರಿದ ಹೊರೆಯನ್ನು ಉಡುಪಿನ ರೂಪದಲ್ಲಿ ಧರಿಸುವುದು ಹೇಗೆ? ಆ ದುರಂತದ ನಂತರ ಕೊಳ್ಳುವವರಿಂದ ಪ್ರಬಲ ಆಕ್ಷೇಪ ಬಂದುದರಿಂದಲೇ ಅದೇ ವರ್ಷ ಕಟ್ಟಡ ಸುರಕ್ಷತೆಯ ಒಪ್ಪಂದವೊಂದು ಏರ್ಪಟ್ಟು, 200ಕ್ಕಿಂತ ಹೆಚ್ಚು ಕಂಪನಿಗಳು ಅದಕ್ಕೆ ಸಹಿ ಹಾಕಿದವು. ಕೇಳುವವರಿದ್ದರೆ ದೊಡ್ಡವರೂ ಉತ್ತರ ಕೊಡಬೇಕಾಗುತ್ತದೆ.

ಇಲ್ಲಿ ಕೆಲವು ಆಕ್ಷೇಪಗಳು ಸಹಜವಾಗಿ ಏಳುತ್ತವೆ. ದೊಡ್ಡ ಕಂಪನಿಗಳು ಕಡಿಮೆ ಬೆಲೆಗೆ ಕೊಡುತ್ತವೆ, ಬಡವನು ಏನು ಮಾಡಬೇಕು ಎಂಬುದು ಮೊದಲನೆಯದು. ಆಕ್ಷೇಪ ನ್ಯಾಯವಾದುದು. ಎರಡು ಹೊತ್ತಿನ ಊಟಕ್ಕೆ ಹೆಣಗುವವನಿಗೆ ಈ ಉಪದೇಶ ಸಲ್ಲದು. ಪರಿಗ್ರಹಕ್ಕೆ ಪರಿಮಾಣವೆಂಬುದು ಪರಿಗ್ರಹ ಉಳ್ಳವನಿಗೆ ಹೇಳಿದ ವ್ರತ. ಕಪಾಟಿನಲ್ಲಿ ಉಡದ ಸೀರೆಗಳಿರುವವರಿಗೆ ಈ ಮಾತು, ಒಂದೇ ಸೀರೆಯುಳ್ಳವಳಿಗಲ್ಲ.

ಕಾನೂನು ಇದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ನಿಜ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರಲ್ಲಿ ಜಾರಿಗೆ ಬಂದಿತು. ಕಲಬೆರಕೆ, ಸುಳ್ಳು ಜಾಹೀರಾತು, ಕಳಪೆ ಸರಕುಗಳ ವಿರುದ್ಧ ದೂರು ಕೊಡಲು ಜಿಲ್ಲಾ ಆಯೋಗಗಳಿವೆ. ಆದರೆ ಕಾಯಿದೆಯು ಕಾಪಾಡುವುದು ಗ್ರಾಹಕನ ಹಕ್ಕನ್ನು. ಅವನ ಹೊಣೆಯನ್ನು ನೆನಪಿಸುವುದು ಧರ್ಮವೇ. ಪೂರ್ಣ ತೂಕದ, ಶುದ್ಧವಾದ, ಆದರೆ ತನಗೆ ಬೇಡವೇ ಬೇಡವಾದ ವಸ್ತುವನ್ನು ಕೊಂಡವನಿಗೆ ಯಾವ ಆಯೋಗವೂ ಪರಿಹಾರ ಕೊಡಲಾರದು.

ಮೂರನೆಯದು, ಗಾತ್ರದಲ್ಲಿ ದೊಡ್ಡದಾದುದೆಲ್ಲ ಹಿಂಸೆಯೇ, ಸಣ್ಣದಾದುದೆಲ್ಲ ಅಹಿಂಸೆಯೇ ಎಂಬ ಪ್ರಶ್ನೆ. ಹಾಗೆ ಹೇಳುವುದು ಏಕಾಂತವಾದೀತು. ಅನೇಕಾಂತವಾದಿಗಳ ಬಾಯಲ್ಲಿ ಅದು ಶೋಭಿಸದು. ಔಷಧ, ಉಕ್ಕು, ರೈಲುಗಾಡಿ ಮುಂತಾದವು ದೊಡ್ಡ ಉದ್ಯಮಗಳಿಲ್ಲದೆ ಆಗುವಂಥವಲ್ಲ. ಹಾಗೆಯೇ ಸಣ್ಣ ಅಂಗಡಿಯಲ್ಲಿಯೂ ಕಳ್ಳತೂಕ ಉಂಟು, ಸಣ್ಣ ಗಾಣದಲ್ಲಿಯೂ ಕಲಬೆರಕೆ ಉಂಟು. ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂದು ಸೂತ್ರಕಾರರು ಇವೆರಡನ್ನೂ ಅಚೌರ್ಯದ ಅತಿಚಾರಗಳಲ್ಲಿಯೇ ಎಣಿಸಿದ್ದಾರೆ. ವ್ಯತ್ಯಾಸವಿರುವುದು ಒಂದು ವಿಷಯದಲ್ಲಿ. ಸಣ್ಣವನು ತಪ್ಪಿದರೆ ಕೊಳ್ಳುವವನು ಅವನೆದುರು ನಿಂತು ಕೇಳಬಲ್ಲ, ಅವನು ತಿದ್ದಿಕೊಳ್ಳಬಲ್ಲ. ಅತಿ ದೊಡ್ಡವನು ತಪ್ಪಿದರೆ ಕೇಳಬೇಕಾದ ಬಾಗಿಲೇ ಸಿಗುವುದಿಲ್ಲ. ಹೊಣೆಗಾರಿಕೆ ಕಣ್ಣಿಗೆ ಕಾಣುವಷ್ಟು ಹತ್ತಿರವಿರಬೇಕೆಂಬುದೇ ಇಲ್ಲಿಯ ವಾದ.

ಹಾಗಾದರೆ ಶ್ರಾವಕನು ಮಾಡಬೇಕಾದುದೇನು? ಅದಕ್ಕೆ ಉತ್ತರ ಹೊಸದಾಗಿ ಹುಡುಕಬೇಕಾಗಿಲ್ಲ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಮೂರು ಗುಣವ್ರತಗಳಲ್ಲಿ ಒಂದಾಗಿ ಬೋಧಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ. ಅನ್ನ, ಹೂವು, ಗಂಧಗಳಂತೆ. ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ. ಬಟ್ಟೆ, ಪಾತ್ರೆ, ಆಭರಣಗಳಂತೆ. ಇವೆರಡಕ್ಕೂ ಮಿತಿ ಹಾಕಿಕೊಳ್ಳಬೇಕೆಂಬುದು ವ್ರತ. ಇಂದಿನ ಪೇಟೆಯು ಈ ವಿಭಾಗವನ್ನೇ ಅಳಿಸಿಹಾಕುತ್ತಿದೆಯೆಂಬುದನ್ನು ಗಮನಿಸಬೇಕು. ತಲೆಮಾರುಗಳವರೆಗೆ ಉಪಭೋಗವಾಗಿದ್ದ ವಸ್ತುಗಳೆಲ್ಲ ಒಂದೊಂದಾಗಿ ಭೋಗವಾಗುತ್ತಿವೆ. ಹಿತ್ತಾಳೆಯ ಲೋಟ ಉಪಭೋಗ, ಕಾಗದದ ಲೋಟ ಭೋಗ. ಮಸಿ ತುಂಬುವ ಪೆನ್ನು ಉಪಭೋಗ, ಬರೆದು ಬಿಸಾಡುವ ಪೆನ್ನು ಭೋಗ. ಅಜ್ಜಿಯ ಸೀರೆ ಮೊಮ್ಮಗಳವರೆಗೆ ಬರುತ್ತಿತ್ತು; ಈಗಿನ ಉಡುಪು ಮುಂದಿನ ಹಬ್ಬದವರೆಗೆ ಬಂದರೆ ಹೆಚ್ಚು. ಉಪಭೋಗದ ವಸ್ತು ಮನೆಯಲ್ಲಿ ಉಳಿದರೆ ಕಂಪನಿಗೆ ಮತ್ತೆ ಮಾರಾಟವಿಲ್ಲ. ಆದುದರಿಂದ ಬೇಗನೆ ಕೆಡುವಂತೆ, ಕೆಡದಿದ್ದರೂ ಬೇಸರ ಬರುವಂತೆ ವಸ್ತುಗಳು ತಯಾರಾಗುತ್ತವೆ. ಜಾಹೀರಾತು ಮಾಡುವುದು ಇದನ್ನೇ. ಮಮತೆಯೇ ಪರಿಗ್ರಹವೆಂದು ಸೂತ್ರಕಾರರು ಹೇಳಿದರು. ಮಮತೆಯನ್ನು ಹುಟ್ಟಿಸುವುದೇ ಈಗ ಒಂದು ಉದ್ಯಮವಾಗಿ ನಿಂತಿದೆ.

ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂದು ಹೆಸರು. ಅದರ ಪ್ರಕಾರಗಳಲ್ಲಿ ಪ್ರಮಾದಚರ್ಯೆಯೂ ಒಂದು; ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಮುರಿಯುವುದು. ಒಂದು ಗಳಿಗೆಯ ಬಳಕೆಗೆ ತಯಾರಾಗಿ ನೂರಾರು ವರ್ಷ ಮಣ್ಣಿನಲ್ಲಿ ಕರಗದೆ ಉಳಿಯುವ ಪ್ಲಾಸ್ಟಿಕ್ ತಟ್ಟೆಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಕರ್ನಾಟಕ ಸರ್ಕಾರ 2016ರಲ್ಲಿಯೂ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೂ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದವು. ಸಮಂತಭದ್ರರ ಗುಣವ್ರತಗಳನ್ನು ಬಲ್ಲ ಸಮಾಜವು ಸರ್ಕಾರದ ಆಜ್ಞೆಗಾಗಿ ಅಷ್ಟು ವರ್ಷ ಕಾದುದು ಏಕೆಂಬುದು ವಿಚಾರಯೋಗ್ಯ.

ಕಡಿಮೆ ಕೊಳ್ಳುವುದು ವ್ರತದ ಒಂದು ಮುಖವಾದರೆ, ಕೊಳ್ಳಲೇಬೇಕಾದುದನ್ನು ಯಾರಿಂದ ಕೊಳ್ಳಬೇಕೆಂಬುದು ಇನ್ನೊಂದು ಮುಖ. ಇದಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಗಳಿವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾದುದು 1957ರಲ್ಲಿ. ಕೈಯಿಂದ ನೂತು ನೇಯ್ದ ಖಾದಿಯಲ್ಲಿ, ನಿಗದಿತ ಅಳತೆ ಬಣ್ಣಗಳಿಗೆ ಕೂದಲೆಳೆಯಷ್ಟೂ ತಪ್ಪದಂತೆ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಸಂಸ್ಥೆಯಿದು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅನುಮತಿ ದೊರೆಯಿತು. ಮರುವರ್ಷ ಸ್ವಾತಂತ್ರ್ಯದ ಅಮೃತ ಮಹೋತ್ಸವದಲ್ಲಿ ಮನೆಮನೆಯ ಮೇಲೆ ಧ್ವಜ ಹಾರಿತು. ಅಗ್ಗದ ಪಾಲಿಯೆಸ್ಟರ್ ಧ್ವಜಗಳು ಪೇಟೆಯನ್ನು ತುಂಬಿದವು. ಸಂಘದವರು ತಮ್ಮ ಆಕ್ಷೇಪವನ್ನು ಬಹಿರಂಗವಾಗಿ ವ್ಯಕ್ತಪಡಿಸಿದರು. ಕಾನೂನು ಎರಡಕ್ಕೂ ಅವಕಾಶ ಕೊಟ್ಟಿದೆ. ಯಾವುದನ್ನು ಕೊಳ್ಳಬೇಕೆಂಬುದನ್ನು ಕಾನೂನು ಹೇಳಲಿಲ್ಲ. ಅದನ್ನು ನಿರ್ಧರಿಸುವುದು ಕೊಳ್ಳುವ ಕೈ.

ಕರಾವಳಿ ಮತ್ತು ಮಲೆನಾಡಿನ ಶ್ರಾವಕರಲ್ಲಿ ಅಡಿಕೆ ಬೆಳೆಗಾರರು ಅನೇಕರಿದ್ದಾರೆ. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಹುಟ್ಟಿತು. ಕೊಕ್ಕೊ ಬೆಳೆಗೂ ಆಸರೆಯಾಗಲೆಂದು ಅದೇ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಮುಂಬಯಿಯಲ್ಲಿ 1959ರಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಮಾಡಿ ಮಾಳಿಗೆಯ ಮೇಲೆ ಹಪ್ಪಳ ಒತ್ತತೊಡಗಿದುದೇ ಲಿಜ್ಜತ್ ಹಪ್ಪಳದ ಆರಂಭ. ಇವೆಲ್ಲ ಇಂದು ಸಣ್ಣ ಸಂಸ್ಥೆಗಳಲ್ಲ. ಆದರೆ ಇವುಗಳ ಒಡೆಯರು ದುಡಿಯುವವರೇ, ಬೆಳೆಯುವವರೇ. ಇವರಿಂದ ಕೊಂಡ ಹಣವು ದುಡಿದ ಕೈಗೇ ಹೆಚ್ಚಾಗಿ ಸೇರುತ್ತದೆ. ನೀರನ್ನು ಸೋಸಿ ಅದೇ ಬಾವಿಗೆ ಮರಳಿ ಬಿಡುವ ಹಿರಿಯರ ಕ್ರಮಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಈ ವಿಚಾರದಲ್ಲಿ ಜೈನ ವ್ಯಾಪಾರಿಯ ಸ್ಥಿತಿ ಇಕ್ಕಟ್ಟಿನದು. ಅವನು ಏಕಕಾಲದಲ್ಲಿ ಮಾರುವವನೂ ಹೌದು, ಕೊಳ್ಳುವವನೂ ಹೌದು. ಒಂದು ಕಡೆ ದೊಡ್ಡ ಮಾಲುಗಳೂ, ನಿಮಿಷಗಳಲ್ಲಿ ಮನೆಬಾಗಿಲಿಗೆ ಸರಕು ತಲುಪಿಸುವ ಕಂಪನಿಗಳೂ ಅವನ ಗಿರಾಕಿಯನ್ನು ಸೆಳೆಯುತ್ತಿವೆ. ಇನ್ನೊಂದು ಕಡೆ ಅವನ ಮನೆಯ ಮಕ್ಕಳೇ ಆ ಕಂಪನಿಗಳಿಂದ ತರಿಸಿಕೊಳ್ಳುತ್ತಾರೆ. ತಂದೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಗಿರಾಕಿಗಾಗಿ ಕಾಯುತ್ತಿರುವಾಗ, ಬೀದಿಯ ಆ ತುದಿಯಲ್ಲಿರುವ ಅವನ ಮನೆಗೇ ಪೊಟ್ಟಣ ಹೊತ್ತ ಹುಡುಗನೊಬ್ಬ ಬಿಸಿಲಿನಲ್ಲಿ ಧಾವಿಸಿ ಬರುತ್ತಾನೆ. ಆ ಹುಡುಗನ ಮೇಲಿನ ಹೊರೆಯೂ ಅತಿಭಾರಾರೋಪಣವೇ. ಇಂಥ ಮನೆಯಲ್ಲಿ ದೊಡ್ಡ ಕಂಪನಿಗಳನ್ನು ದೂರಿ ಫಲವಿಲ್ಲ. ಅಂಗಡಿಯವನು ಗಿರಾಕಿಯಿಂದ ಬಯಸುವ ನಿಷ್ಠೆಯನ್ನು ತಾನು ಮೊದಲು ಪಕ್ಕದ ಅಂಗಡಿಯವನಿಗೆ ತೋರಿಸಬೇಕು; ಹಾಗೆಯೇ ಆ ನಿಷ್ಠೆಗೆ ತಕ್ಕ ತೂಕ, ತಕ್ಕ ಬೆಲೆ, ತಕ್ಕ ಮಾತು ತನ್ನಲ್ಲಿರಬೇಕು.

ಉತ್ಸವಗಳ ವಿಷಯವನ್ನೂ ವಿನಯದಿಂದ ಪ್ರಸ್ತಾಪಿಸಬೇಕಾಗಿದೆ. ನೀರನ್ನು ಸೋಸಿ ಕುಡಿಯಲು ಲೋಕಕ್ಕೆ ಕಲಿಸಿದ ಸಮಾಜದ ಪಂಕ್ತಿಯಲ್ಲಿ ಇಂದು ಸಾವಿರಗಟ್ಟಲೆ ಪ್ಲಾಸ್ಟಿಕ್ ಬಾಟಲಿಗಳ ನೀರು ಹಂಚಲ್ಪಡುತ್ತದೆ. ಅರ್ಧ ಕುಡಿದು ಬಿಟ್ಟ ಬಾಟಲಿಗಳು ಬಸದಿಯ ಹಿಂದೆ ರಾಶಿ ಬೀಳುತ್ತವೆ. ಹೂವಿನ ತೋರಣದ ಜಾಗದಲ್ಲಿ ಪ್ಲಾಸ್ಟಿಕ್ ತೋರಣ, ಬಾಳೆಯೆಲೆಯ ಜಾಗದಲ್ಲಿ ಕಾರ್ಖಾನೆಯ ತಟ್ಟೆ, ಪ್ರಭಾವನೆಯೆಂದು ಹಂಚುವ ವಸ್ತುಗಳಲ್ಲಿ ವಾರದೊಳಗೆ ಮುರಿಯುವ ಆಟಿಕೆಯಂಥವು. ದಾನಿಗಳ ಭಕ್ತಿಯಲ್ಲಿ ಕೊರತೆಯಿಲ್ಲ. ಕೊಳ್ಳುವಾಗಿನ ವಿಚಾರದಲ್ಲಿ ಮಾತ್ರ ಕೊರತೆ. ಹಿತ್ತಾಳೆಯ ಹಂಡೆಯಲ್ಲಿ ಸೋಸಿದ ನೀರು, ತೊಳೆದು ಬಳಸುವ ಸ್ಟೀಲಿನ ಲೋಟ, ಊರಿನ ರೈತನ ಬಾಳೆಯೆಲೆ, ನೇಕಾರನು ನೇಯ್ದ ಟವಲು, ಓದಲು ಒಂದು ಧರ್ಮಗ್ರಂಥ ಇಷ್ಟಿದ್ದರೆ ಪಂಚಕಲ್ಯಾಣದ ವೈಭವಕ್ಕೆ ಕುಂದೇನೂ ಬಾರದು.

ವ್ರತವೆಂದೊಡನೆ ಹೆದರಬೇಕಾಗಿಲ್ಲ. ಸಮಂತಭದ್ರರು ಯಮ, ನಿಯಮಗಳೆಂದು ಎರಡು ಮಾರ್ಗಗಳನ್ನು ತೋರಿಸಿದ್ದಾರೆ. ಜೀವಮಾನಪರ್ಯಂತ ಬಿಡುವುದು ಯಮ. ಕಾಲದ ಮಿತಿಯಿಟ್ಟು ಬಿಡುವುದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಹಂತಹಂತವಾಗಿ ನಿಯಮ ಹಿಡಿಯಲು ಅವಕಾಶವಿದೆ. ಗೃಹಸ್ಥನು ಹಿಡಿಯಬಹುದಾದ ನಾಲ್ಕು ನಿಯಮಗಳು ಇಲ್ಲಿವೆ.

ಮೊದಲನೆಯದು, ಅವಶ್ಯಕವಲ್ಲದ ವಸ್ತುವನ್ನು ಕಂಡ ದಿನವೇ ಕೊಳ್ಳದೆ ಒಂದು ಪಕ್ಷ ಕಾಯುವುದು. ಅಮಾವಾಸ್ಯೆಯ ಆಸೆ ಹುಣ್ಣಿಮೆಯ ಹೊತ್ತಿಗೆ ಬಹುಮಟ್ಟಿಗೆ ಕರಗಿರುತ್ತದೆ. ಎರಡನೆಯದು, ಚಾತುರ್ಮಾಸದ ನಾಲ್ಕು ತಿಂಗಳು ಔಷಧ, ಆಹಾರ, ಮಕ್ಕಳ ವಿದ್ಯೆಗೆ ಬೇಕಾದುದರ ಹೊರತು ಹೊಸ ಉಪಭೋಗ ವಸ್ತುವನ್ನು ಕೊಳ್ಳದಿರುವುದು. ಮೂರನೆಯದು, ಕೆಟ್ಟ ವಸ್ತುವನ್ನು ಬಿಸಾಡುವ ಮೊದಲು ಒಮ್ಮೆಯಾದರೂ ರಿಪೇರಿಗೆ ಕೊಡುವುದು. ಅದರಿಂದ ವಸ್ತುವಿನ ಆಯುಷ್ಯವೂ ಉಳಿಯುತ್ತದೆ, ಊರಿನ ಕುಶಲಕರ್ಮಿಯ ಒಲೆಯೂ ಉರಿಯುತ್ತದೆ. ನಾಲ್ಕನೆಯದು, ದಿನಬಳಕೆಯ ಸರಕುಗಳಲ್ಲಿ ಕನಿಷ್ಠ ಐದನ್ನು, ತಯಾರಿಸಿದವರು ಯಾರೆಂದು ತಿಳಿದಿರುವಲ್ಲಿಂದಲೇ ಕೊಳ್ಳುವುದು. ಎಣ್ಣೆ, ಬೆಲ್ಲ, ಹಪ್ಪಳ, ಸಾಬೂನು, ಟವಲು ಇಷ್ಟರಿಂದ ಆರಂಭಿಸಬಹುದು. ಉಳಿದ ಹಣದಲ್ಲಿ ಒಂದು ಭಾಗವನ್ನು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಕ್ಕೆ ಎತ್ತಿಟ್ಟರೆ ತ್ಯಾಗವು ಪೂರ್ಣವಾಗುತ್ತದೆ. ಇಲ್ಲವಾದರೆ ಅದು ಬರಿಯ ಉಳಿತಾಯ.

ಒಬ್ಬನು ಕೊಳ್ಳದಿದ್ದರೆ ಅಷ್ಟು ದೊಡ್ಡ ಕಂಪನಿಗೆ ಏನಾದೀತು ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಬೆಳ್ಗೊಳದ ಕಥೆಯೊಂದೇ ಉತ್ತರ. ಚಾವುಂಡರಾಯನು ಗೊಮ್ಮಟಸ್ವಾಮಿಗೆ ಕೊಡಕೊಡವಾಗಿ ಹಾಲಿನ ಅಭಿಷೇಕ ಮಾಡಿಸಿದರೂ ಹಾಲು ಸ್ವಾಮಿಯ ಪಾದದವರೆಗೆ ಇಳಿಯಲಿಲ್ಲವಂತೆ. ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ಒಂದಿಷ್ಟು ಹಾಲು ಅಡಿಯಿಂದ ಮುಡಿಯವರೆಗೂ ಬಿಂಬವನ್ನು ತೋಯಿಸಿ ಬೆಟ್ಟದ ಕೆಳಗೆ ಹರಿಯಿತಂತೆ. ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಸ್ವಾಮಿಯ ಎದುರಿನಲ್ಲಿ ಕೈಯಲ್ಲಿ ಕಾಯಿ ಹಿಡಿದು ನಿಂತಿದೆ. ಪಾತ್ರೆ ಸಣ್ಣದಾಗಿತ್ತು, ಅದರೊಳಗಿದ್ದುದು ಮಾತ್ರ ಅವಳದೇ ಆಗಿತ್ತು, ನಿರ್ಮಲವಾಗಿತ್ತು.

ಇನ್ನು ಕೆಲವೇ ದಿನಗಳಲ್ಲಿ ಈ ಬಸದಿಯಲ್ಲಿ ನಿತ್ಯಪೂಜೆ ಆರಂಭವಾಗುತ್ತದೆ. ಎಲ್ಲವನ್ನೂ ತೊರೆದು ನಿಂತ ಸ್ವಾಮಿಯ ಮುಂದೆ ಅಕ್ಷತೆ, ಹೂವು, ಹಣ್ಣುಗಳನ್ನು ಇಡುವಾಗ, ಅವು ಯಾರ ಕೈಯಿಂದ, ಯಾವ ದಾರಿಯಿಂದ ಬಂದವೆಂದು ಶ್ರಾವಕನು ಒಮ್ಮೆ ನೆನೆಯಲಿ. ಮನೆಗೆ ಕೊಳ್ಳುವಾಗಲೂ ಅದೇ ನೆನಪು ಕೈಯನ್ನು ತಡೆಯಲಿ, ಇಲ್ಲವೇ ನಡೆಸಲಿ. ಆಗ ದೀಕ್ಷಾಕಲ್ಯಾಣದಂದು ಮನಸ್ಸಿನಲ್ಲಿ ಸುಳಿದ ಪ್ರಶ್ನೆ ಮಂಟಪದಲ್ಲಿ ಉಳಿಯದೆ ಪೇಟೆಯವರೆಗೂ ಜೊತೆಗೆ ಬಂದೀತು.

ಸರ್ವಜೀವಿಗಳಿಗೂ ಮಂಗಳವಾಗಲಿ. ಜೈ ಜಿನೇಂದ್ರ.